ನಾಲ್ಕು ಮಗ್ಗದ ಮನೆ

ಹಿಂದೂಪುರ
12-5-1991

ಪ್ರೀತಿಯ ಅಣ್ಣಯ್ಯನಿಗೆ ತಂಗಿ ಬನಶಂಕರಿಯ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಯುಗಾದಿಗೆ ಕಾಗದ ಹಾಕಲಿಲ್ಲವೆಂದು ಮುನಿಸಿಕೊಂಡಿರಬೇಡ. ಇನ್‌ಲ್ಯಾಂಡ್ ತಂದಿಟ್ಟು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ಬರುತ್ತದೆ. ಇವತ್ತು ಅತ್ತೆಯವರು ಊಟ ಮಾಡಿ ನಿದ್ದೆ ಹೋಗಿದ್ದಾರೆ, ಬಿಸಿಲಿಗೆ ಬೀದಿಯೂ ಮಲಗಿದೆ. ಅದಕ್ಕೇ ಕೂತಿದ್ದೇನೆ.

ಅತ್ತೆಯವರಿಗೆ ಲಕ್ವ ಹೊಡೆದು ಶಿವರಾತ್ರಿಗೆ ಒಂದು ವರ್ಷ ತುಂಬಿತು. ಬಲಗೈ, ಬಲಗಾಲು ಹಾಗೇ ಇವೆ. ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಕೈಕಾಲು ಬಿಟ್ಟ ಕೆಲಸವನ್ನೂ ಅದೇ ವಹಿಸಿಕೊಂಡಿದೆ. ನಿಮ್ಮ ಭಾವ ಮಗ್ಗದಲ್ಲಿ ನೇಯುತ್ತಿದ್ದರೆ ಇವರು ಮಂಚದ ಮೇಲಿಂದಲೇ ಸದ್ದು ಕೇಳಿ, "ಎಳೆ ಹೋಯ್ತು ಕಣ್ಲಾ, ನಿಲ್ಸು" ಅನ್ನುತ್ತಾರೆ. ನೋಡಿದರೆ ನಿಜವಾಗಿಯೂ ಹೋಗಿರುತ್ತದೆ. ಮಗಳು ಚೌಡೇಶ್ವರಿಗೆ ಹತ್ತೊಂಬತ್ತು ತುಂಬಿತು. ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾಳೆ, ಟೆಂತ್ ಪಾಸಾಗಿದ್ದಾಳೆ, ನನಗಿಂತ ಎತ್ತರವಾಗಿದ್ದಾಳೆ. ಗಂಡು ನೋಡಿ ಎಂದು ಅತ್ತೆಯವರು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ.

ನನ್ನ ಮಗ್ಗ ಖಾಲಿ ಇದೆ. ಅದರ ಮೇಲೆ ಅತ್ತೆಯವರ ಸೀರೆ ಒಣಗಹಾಕುತ್ತೇನೆ. ಒಳ್ಳೆಯ ನೆರಳು, ಬಣ್ಣ ಹೋಗುವುದಿಲ್ಲ. ನಿಮ್ಮ ಕಲ್ಯಾಣದುರ್ಗದ ಕಡೆ ಲಕ್ವಕ್ಕೆ ಯಾರೋ ಎಣ್ಣೆ ಕಾಯಿಸಿ ಕೊಡುತ್ತಾರಂತೆ, ಸ್ವಲ್ಪ ವಿಚಾರಿಸು. ರಾಮಕ್ಕ ಅತ್ತಿಗೆಗೆ ನಮಸ್ಕಾರ ತಿಳಿಸು.

ಇತಿ ನಿನ್ನ ತಂಗಿ,
ಬನಶಂಕರಿ

ಕಾಗದ ಮಡಿಸುವಷ್ಟರಲ್ಲಿ ಅತ್ತೆಯವರಿಗೆ ಎಚ್ಚರವಾಯಿತು. ಯಾರಿಗೆ ಎಂದು ಕೇಳಿದರು, ಅಣ್ಣನಿಗೆ ಎಂದೆ. "ಗುಂಡೀಲಿ ಇವತ್ಗೂ ತೇವ ಇಲ್ಲ ಅಂತ ಬರಿ" ಎಂದರು, ಬರೆದಿದ್ದೇನೆ. ನನ್ನ ಮದುವೆಯ ದಿನ ನೀನು ನೇಯುವವರು ಕೂರುವ ನಮ್ಮ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು, "ಇಲ್ಲಿ ತೇವ ಇದೆ, ನನ್ನ ತಂಗಿಗೆ ಕಾಲುನೋವು ಬರುತ್ತೆ" ಎಂದು ಅಷ್ಟು ಜನರ ಮುಂದೆ ಹೇಳದೇ ಇದ್ದಿದ್ದರೆ ಇವರು ಈ ಇಪ್ಪತ್ತೊಂದು ವರ್ಷ ನಿನ್ನ ಜೊತೆ ಮಾತು ಬಿಡುತ್ತಿರಲಿಲ್ಲ, ನಾನು ಪ್ರತಿ ಕಾಗದಕ್ಕೂ ಈ ಸಾಲು ಸೇರಿಸುವುದೂ ತಪ್ಪುತ್ತಿತ್ತು.


ಕಲ್ಯಾಣದುರ್ಗ
21-5-1991

ಚಿ. ಸೌ. ಬನಶಂಕರಿಗೆ ಅಣ್ಣ ನರಸಿಂಹಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲ ಓದಿದೆ. ನಿಮ್ಮತ್ತೆಯ ವಿಷಯ ಹತ್ತು ಸಾಲು, ಚೌಡಿಯ ವಿಷಯ ನಾಲ್ಕು ಸಾಲು, ನಿನ್ನ ವಿಷಯ ಒಂದೇ ಪದ, ಅದೂ ಎಲ್ಲರ ಜೊತೆ ಸೇರಿಸಿ "ಚೆನ್ನಾಗಿದ್ದೇವೆ". ಇಪ್ಪತ್ತಾರು ವರ್ಷದಿಂದ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಊರವರ ಕ್ರಯಪತ್ರ, ಅರ್ಜಿ ಬರೆದುಕೊಡುತ್ತಿದ್ದೇನೆ. ಜನ ಕಾಗದದಲ್ಲಿ ಏನನ್ನು ಬಿಡುತ್ತಾರೆ ಎಂದು ನೋಡುವುದೇ ನನ್ನ ಕಸುಬು. ಮಗ್ಗದ ಮೇಲೆ ಸೀರೆ ಒಣಗುತ್ತದೆ ಎಂದು ಓದಿ ನಾನು ನಕ್ಕೆ. ನಿಮ್ಮತ್ತಿಗೆ ನಗಲಿಲ್ಲ.

ಎಣ್ಣೆಯ ವಿಚಾರ ಬಿಡು. ಇಲ್ಲಿ "ಊತಕರ್ರ ಸೇವಾ ಸಂಘ" ಎಂದು ಒಂದಿದೆ. ಊತಕರ್ರ ಅಂದರೆ ನಮ್ಮ ಊರುಗೋಲು. ಹಾಸಿಗೆ ಹಿಡಿದವರಿರುವ ಮನೆಗಳಿಗೆ ಇವರು ಸಹಾಯ ಮಾಡುತ್ತಾರೆ. ಈ ವರ್ಷ ಹಿಂದೂಪುರದಲ್ಲೂ ಒಂದು ರೂಮು ಹಿಡಿದು ಕೆಲಸ ಶುರುಮಾಡಿದ್ದಾರೆ. ಹೋಗಿ ವಿಚಾರಿಸಿ ಬಂದೆ. ದಿನಾ ಬೆಳಗ್ಗೆ ತರಬೇತಿಯಾದ ಒಬ್ಬ ಹೆಂಗಸು ಮನೆಗೆ ಬಂದು ಸ್ನಾನ ಮಾಡಿಸಿ, ಕೈಕಾಲಿಗೆ ಕಸರತ್ತು ಮಾಡಿಸಿ ಮಧ್ಯಾಹ್ನ ಹೋಗುತ್ತಾಳೆ. ಗಾಲಿಕುರ್ಚಿ ಕೊಡುತ್ತಾರೆ. ಇನ್ನೂ ಒಂದಿದೆ, ಗಮನವಿಟ್ಟು ಓದು. ರೋಗಿಯನ್ನು ನೋಡಿಕೊಳ್ಳುವವರಿಗೆ ವರ್ಷಕ್ಕೆ ಎಂಟು ದಿನ ಬಿಡುವು. ಆ ಎಂಟು ದಿನ ಪೂರ್ತಿ ಅವರ ಕಡೆಯವರೇ ಮನೆಯಲ್ಲಿದ್ದು ನೋಡಿಕೊಳ್ಳುತ್ತಾರೆ.

ಸಾವಿರಾರು ಅರ್ಜಿ ಬರೆದಿದ್ದೇನೆ, ನೋಡಿಕೊಳ್ಳುವವರ ಹೆಸರಿಗೆ ಒಂದು ಕಲಂ ಇರುವ ಅರ್ಜಿಯನ್ನು ನಾನು ಕಂಡದ್ದು ಇದೇ ಮೊದಲು. ಒಂಬತ್ತನೇ ಕಲಂ. "ರೋಗಿಯನ್ನು ನೋಡಿಕೊಳ್ಳುವವರಿಗೆ ಏನು ಬೇಕು?" ಎಂದಿದೆ. ಫಾರಂ ಕವರಿನಲ್ಲಿಟ್ಟಿದ್ದೇನೆ. ಮಿಕ್ಕದ್ದು ನಾನು ತುಂಬಿದ್ದೇನೆ, ಒಂಬತ್ತನ್ನು ನೀನು ತುಂಬು. ನಿಮ್ಮತ್ತೆಯ ಹೆಬ್ಬೆಟ್ಟು, ಭಾವ ರಾಮಲಿಂಗಯ್ಯನವರ ಸಹಿ ಹಾಕಿಸಿ ಕಳಿಸು. ನನ್ನ ಹೆಸರು ಹೇಳಿದರೆ ಹೆಬ್ಬೆಟ್ಟು ಬೀಳುವುದಿಲ್ಲ, ಎಚ್ಚರಿಕೆ.

ಇತಿ,
ನರಸಿಂಹಪ್ಪ


ಹಿಂದೂಪುರ
3-6-1991

ಪ್ರೀತಿಯ ಅಣ್ಣಯ್ಯನಿಗೆ,

ಫಾರಂ ಈ ಕವರಿನಲ್ಲಿದೆ. ಸಹಿ, ಹೆಬ್ಬೆಟ್ಟು ಎರಡೂ ಬಿದ್ದಿವೆ. ಹೇಗೆ ಬಿದ್ದವು ಎಂದು ಕೇಳು.

ನಿಮ್ಮ ಭಾವ ಮೊದಲು ಆಗುವುದೇ ಇಲ್ಲ ಎಂದುಬಿಟ್ಟರು. "ಊರಿಗೆಲ್ಲ ಬಟ್ಟೆ ಕೊಟ್ಟ ಮನೆ ನಮ್ದು, ಸಂಘದವರ ಮುಂದೆ ಕೈ ಚಾಚಾನಾ?" ಎಂದರು. ನಾನು ವಾದಿಸಲಿಲ್ಲ. ಮಾರನೇ ದಿನ ನನಗೆ ಜ್ವರ ಬಂತು, ಸುಳ್ಳಲ್ಲ, ನಿಜವಾಗಿಯೇ ಬಂತು. ಆವತ್ತು ಅವರೇ ಅಮ್ಮನನ್ನು ಎಬ್ಬಿಸಿ, ಬಚ್ಚಲಿಗೆ ಕರೆದೊಯ್ದು, ಸ್ನಾನಕ್ಕೆ ಚೌಡಿಯ ಸಹಾಯ ತೆಗೆದುಕೊಂಡು, ಸೀರೆ ಒಗೆದು, ಮುದ್ದೆ ಮುರಿದು ತಿನ್ನಿಸಿದರು. ಹನ್ನೆರಡು ಗಂಟೆಗೆ ನನ್ನ ಹಾಸಿಗೆಯ ಹತ್ತಿರ ಬಂದು, "ಎಲ್ಲಿ ಸೈನ್ ಹಾಕ್ಬೇಕು?" ಎಂದರು.

ಅತ್ತೆಯವರಿಗೆ ಮಾತ್ರ ನಿಜ ಹೇಳುವ ಧೈರ್ಯ ಬರಲಿಲ್ಲ. ಹೊರಗಿನವರು ಬಂದು ತಮ್ಮನ್ನು ಮುಟ್ಟುತ್ತಾರೆ ಎಂದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಾರೆ. ಎಣ್ಣೆ ತರಿಸುವುದಕ್ಕೆ ಎಂದು ಹೇಳಿ ಎಡಗೈ ಹೆಬ್ಬೆಟ್ಟು ಒತ್ತಿಸಿದೆ. ತಪ್ಪೇ, ಆದರೆ ಸಣ್ಣ ತಪ್ಪು.

ಒಂಬತ್ತನೇ ಕಲಮಿನ ಮುಂದೆ ಬಹಳ ಹೊತ್ತು ಕೂತೆ. ನನಗೇನು ಬೇಕು ಅಣ್ಣಯ್ಯ? ಗೀಟು ಎಳೆದಿದ್ದೇನೆ.

ಇತಿ,
ಬನಶಂಕರಿ

ಅತ್ತೆಯವರು ಹೇಳಿದ್ದು: "ಎಣ್ಣೆಗೆ ಯಾಕಂತೆ ಹೆಬ್ಬೆಟ್ಟು? ನಿಮ್ಮಣ್ಣ ಈ ಮನೆ ಬರೆಸ್ಕೊಂಡ್ನಾ ಕೇಳು. ಗುಂಡೀಲಿ ತೇವ ಇಲ್ಲ."


ಹಿಂದೂಪುರ
28-7-1991

ಅಣ್ಣಯ್ಯ,

ಈ ಕಾಗದವನ್ನು ಕೂತುಕೊಂಡು ಓದು. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಉಗಿದು ಬಾ.

ನಿನ್ನ ಊತಕರ್ರ ಸಂಘದವರು ಬಂದಿದ್ದರು. ಗಂಗುಲಮ್ಮ ಎಂಬ ನಡುವಯಸ್ಸಿನ ಹೆಂಗಸು, ಜೊತೆಗೆ ಬರೆದುಕೊಳ್ಳಲು ಕದಿರಣ್ಣ ಎಂಬ ಯುವಕ. ನಾನು ಮಾತ್ರೆ ತರಲು ಆಸ್ಪತ್ರೆಗೆ ಹೋಗಿದ್ದೆ, ನಿಮ್ಮ ಭಾವ ನೂಲಿಗೆ ಬಣ್ಣ ಹಾಕಿಸಲು ಹೋಗಿದ್ದರು. ಮನೆಯಲ್ಲಿ ಇದ್ದದ್ದು ಅಜ್ಜಿ, ಮೊಮ್ಮಗಳು ಇಬ್ಬರೇ. ಬಂದವರು, ಕಲ್ಯಾಣದುರ್ಗದಿಂದ ಬಂದಿದ್ದೇವೆ ಎಂದಷ್ಟೇ ಹೇಳಿ, ಬೀದಿಯ ತುದಿಯಲ್ಲಿ ಪಕ್ಕದ ಮನೆಯ ಉಡುಸಲಮ್ಮನನ್ನೇ ಕೇಳಿದ್ದಾರೆ, ಆ ಮನೆ ಎಲ್ಲಿ, ಎಷ್ಟು ಜನ ಇದ್ದಾರೆ, ಹೇಗೆ ನಡೆಯುತ್ತದೆ ಎಂದು. ಉಡುಸಲಮ್ಮನಿಗೆ ಅಷ್ಟು ಸಾಕು. ನಮ್ಮವರಲ್ಲಿ ಗೊತ್ತಲ್ಲ, ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಗಂಡಿನ ಕಡೆಯವರು ಹೇಳದೆ ಕೇಳದೆ ಬಂದು, ನೀರು ಕುಡಿಯುವ ನೆಪದಲ್ಲಿ ಮನೆ ಅಳೆದುಕೊಂಡು ಹೋಗುತ್ತಾರೆ. ಇವಳು ಹಿತ್ತಲಿಂದ ಅತ್ತೆಯವರ ಹತ್ತಿರ ಓಡಿಬಂದು, "ಸರಸ್ವತಕ್ಕಾ, ಕಲ್ಯಾಣದುರ್ಗದಿಂದ ಬಂದ್ಬುಟ್ರು, ತಾಯಿ ಮಗ ಇಬ್ರೂ!" ಎಂದಳು.

ಕಾಲು ಗಂಟೆಯಲ್ಲಿ ಏನೆಲ್ಲ ಆಗಬಹುದು ನೋಡು. ಸಾಹುಕಾರರಿಗೆ ಕೊಡಲು ಆವತ್ತು ಬೆಳಗ್ಗೆ ತಾನೇ ಮಗ್ಗದಿಂದ ಕೊಯ್ದಿಟ್ಟಿದ್ದ ರೇಷ್ಮೆ ಸೀರೆ ಅತ್ತೆಯವರ ಮೈಮೇಲೆ ಬಂತು. ಉಡುಸಲಮ್ಮ, ಚೌಡಿ ಇಬ್ಬರೂ ಅವರನ್ನು ಹಿಡಿದು ಗೋಡೆಗೆ ಒರಗಿಸಿ, ಸುತ್ತ ದಿಂಬು ಒತ್ತರಿಸಿ, ಆಡದ ಕೈಯನ್ನು ಸೆರಗಿನೊಳಗೆ ಮುಚ್ಚಿದರು. ಪಕ್ಕದ ಮನೆಯ ಎರಡು ಕುರ್ಚಿ ಬಂದವು. ಚೌಡಿಗೆ ಹೂ ಮುಡಿಸಿ ಬಾಗಿಲ ಹಿಂದೆ ನಿಲ್ಲಿಸಿದರು. ಮುಂದಿನದು ಅವಳು ಬಾಗಿಲ ಹಿಂದಿಂದ ಕೇಳಿದ್ದು.

"ಸರಸ್ವತಮ್ಮಗಾರು ಮೀರೇನಾ?" ಎಂದು ಗಂಗುಲಮ್ಮ ತೆಲುಗಿನಲ್ಲಿ ಕೇಳಿದರು.

"ನಾನೇ ಕಣಮ್ಮ. ಕೂತ್ಕೊಳ್ಳಿ. ಚೌಡೀ, ಕಾಫಿ ತಗಂಬಾ."

"ನಿಮಗೆ ಲಕ್ವ ಹೊಡೆದಿದೆ ಅಂತ..."

ಅತ್ತೆಯವರು ಎಡಗೈಯಲ್ಲಿ ಸೆರಗು ಬಿಗಿಮಾಡಿಕೊಂಡರಂತೆ. ಯಾರೋ ಆಗದವರು ಸಂಬಂಧ ತಪ್ಪಿಸಲು ಮೊದಲೇ ಚಾಡಿ ಹೇಳಿದ್ದಾರೆ ಎಂದುಕೊಂಡರು. "ಯಾವ ಹಾಳು ಬಾಯಿ ಹೇಳ್ತಮ್ಮ ನಿಮ್ಗೆ? ಲಕ್ವ ನಮ್ಮ ವಂಶದಾಗೇ ಇಲ್ಲ! ಹೋದ ವರ್ಷ ಒಂಚೂರು ಜ್ವರ ಬಂದಿತ್ತು, ಬಾಗಯಿಪೋಯಿಂದಿ, ವಾಸಿ ಆಗೋಯ್ತು. ಇವತ್ತು ಮನೇಗೆಲ್ಲಾ ಮುದ್ದೆ ತೊಳಸಿದ್ದು ಯಾರು ಅಂದ್ಕೊಂಡ್ರಿ?"

ಮುದ್ದೆ ತೊಳಸಿದ್ದು ನಾನು, ಅಣ್ಣಯ್ಯ.

"ಒಂದ್ಸಲ ಕೈ ಎತ್ತಿ ತೋರಿಸ್ತೀರಾ?"

"ಪರಗಂಡಸಿನ ಮುಂದೆ ಕೈ ಎತ್ತೋ ಪದ್ಧತಿ ನಮ್ಮನೇಲಿ ಇಲ್ಲ ಕಣಮ್ಮ."

"ಮಗ್ಗ ಎಷ್ಟಿವೆ?"

"ನಾಲ್ಕು. ಕೇಳ್ಸಲ್ವಾ?" ಗೋಡೆಯಾಚೆ ಉಡುಸಲಮ್ಮನ ಗಂಡ ಅಶ್ವತ್ಥಪ್ಪನವರ ಮಗ್ಗಗಳು ಟಕಟಕ ಎನ್ನುತ್ತಿದ್ದವು. ಕದಿರಣ್ಣ ನಾಲ್ಕು ಎಂದು ಬರೆದುಕೊಂಡ. ಆಮೇಲೆ ಪ್ರಶ್ನೆ ಕೇಳುವ ಸರದಿ ಅತ್ತೆಯವರದು. ನಿಂದು ಯಾವೂರಪ್ಪ, ಎಷ್ಟು ಜನ ಅಣ್ತಮ್ಮಂದ್ರು, ಯಾವ್ದೋ ಸಂಘದಾಗೆ ಕೆಲ್ಸ ಅಂದ್ಯಲ್ಲ, ಅದು ಕಾಯಂ ಏನಪ್ಪ ಎಂದೆಲ್ಲ ಕೇಳಿದರಂತೆ. ಎಷ್ಟು ಒಳ್ಳೆಯ ಅಜ್ಜಿ ಎಂದುಕೊಂಡು ಅವನು ಎಲ್ಲಕ್ಕೂ ಉತ್ತರ ಕೊಟ್ಟು, ಕಾಫಿ ಕುಡಿದು, ನಮಸ್ಕಾರ ಹೇಳಿ ಹೋದ.

ನಾನು ಮಾತ್ರೆ ಹಿಡಿದು ಒಳಗೆ ಬಂದರೆ ಅತ್ತೆಯವರು ಜರಿ ಸೀರೆಯಲ್ಲಿ ಕೂತಿದ್ದಾರೆ. "ಹುಡ್ಗ ಒಂಚೂರು ಕಪ್ಪು, ಆದ್ರೆ ಅಕ್ಷರ ಗುಂಡಗೈತೆ. ಎಲ್ಲಾ ಬರ್ಕೊಂಡ. ಒಪ್ಪಿದಂಗೇ ಲೆಕ್ಕ" ಎಂದರು. ಕುರ್ಚಿಯ ಮೇಲೆ ಅವರು ಬಿಟ್ಟುಹೋದ ಸಂಘದ ಚೀಟಿ ಇತ್ತು. ಓದಿದೆ. ನಗು ಬಂತು, ಎಷ್ಟು ಬಂತೆಂದರೆ ಕಂಬ ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಕೂತ ಮೇಲೆ ಯಾಕೋ ಅಳುವೂ ಬಂತು. ಅತ್ತೆಯವರು, ಮಗಳು ಹೋಗುತ್ತಾಳೆ ಎಂದು ಅಳುತ್ತಿದ್ದೇನೆ ಎಂದುಕೊಂಡು ಸಮಾಧಾನ ಹೇಳಿದರು. ನಾನು ನಿಜ ಹೇಳಲಿಲ್ಲ. ಅವರು ಅಷ್ಟು ಖುಷಿಯಾಗಿದ್ದನ್ನು ನೋಡಿ ವರ್ಷವಾಗಿತ್ತು.

ಈಗ ಏನು ಮಾಡುವುದು ತಿಳಿಸು.

ಇತಿ,
ಬನಶಂಕರಿ


ಕಲ್ಯಾಣದುರ್ಗ
6-8-1991

ಚಿ. ಸೌ. ಬನಶಂಕರಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ನಿಮ್ಮತ್ತಿಗೆಗೆ ಗಟ್ಟಿಯಾಗಿ ಓದಿದೆ. ಅವಳು ಒಲೆಯ ಮೇಲಿದ್ದ ಹಾಲು ಮರೆತಳು, ಅದು ಉಕ್ಕಿ ಹೋಯಿತು.

ಆದರೆ ನಿನ್ನೆ ಸಂಘದ ಆಫೀಸಿಗೆ ಹೋದೆ, ಅಲ್ಲಿ ನಗು ಇಳಿಯಿತು. ರಿಜಿಸ್ಟರಿನಲ್ಲಿ ಹೀಗೆ ಬರೆದಿದ್ದಾರೆ: "ರೋಗಿ ಗುಣಮುಖರು. ಸ್ವತಃ ಅಡುಗೆ ಮಾಡುತ್ತಾರೆ. ನಾಲ್ಕು ಮಗ್ಗದ ಮನೆ. ಸಹಾಯದ ಅಗತ್ಯ ಕಂಡುಬರುವುದಿಲ್ಲ." ಕೆಳಗೆ, "ಬಹಳ ಆದರದಿಂದ ಕಂಡರು" ಎಂದೂ ಇದೆ. ನಾನು ನಡೆದದ್ದನ್ನು ಹೇಳಿದೆ. ಗಂಗುಲಮ್ಮನವರು ನಂಬಿದರು, ನಕ್ಕರು, ಆದರೆ ಅವರ ಮೇಲೆ ಅಧ್ಯಕ್ಷರಿದ್ದಾರೆ, ಅವರಿಗೊಂದು ನಿಯಮವಿದೆ. ಒಮ್ಮೆ ಬೇಡವೆಂದು ಬರೆದ ಮನೆಗೆ ಮತ್ತೆ ಹೋಗಬೇಕಾದರೆ ರೋಗಿಯೇ ಸ್ವತಃ ಕೇಳಬೇಕು. ಮನೆಯವರ ಮಾತು ನಡೆಯುವುದಿಲ್ಲ. ಬೇರೆಯವರ ಕೈಯಲ್ಲಿ ಬರೆಸಬಹುದು, ಆದರೆ ಮಾತು ರೋಗಿಯದೇ ಆಗಿರಬೇಕು, ಕೆಳಗೆ ಹೆಬ್ಬೆಟ್ಟು ಇರಬೇಕು. ಹಿಂದೂಪುರಕ್ಕೆ ಈ ವರ್ಷ ಹನ್ನೆರಡೇ ಮನೆ. ಹನ್ನೊಂದು ತುಂಬಿವೆ. ಈ ತಿಂಗಳ ಕೊನೆಯೊಳಗೆ ಕಾಗದ ಬರದಿದ್ದರೆ ಹನ್ನೆರಡನೆಯದು ಇನ್ನೊಬ್ಬರಿಗೆ ಹೋಗುತ್ತದೆ.

ಈ ಇಡೀ ತಾಲ್ಲೂಕಿನ ಅರ್ಜಿ ಬರೆಯುತ್ತೇನೆ, ನನ್ನ ತಂಗಿಯ ಅರ್ಜಿ ಬರೆಯಲು ನನಗೆ ಬರುವುದಿಲ್ಲ. ನಿಮ್ಮತ್ತೆಗೆ ನಿಜ ಹೇಳು. ಇನ್ನು ದಾರಿಯಿಲ್ಲ.

ಇತಿ,
ನರಸಿಂಹಪ್ಪ


ಹಿಂದೂಪುರ
16-8-1991

ಪೂಜ್ಯ ಮಾವನಿಗೆ ಚೌಡೇಶ್ವರಿ ಮಾಡುವ ನಮಸ್ಕಾರ.

ಈ ಕಾಗದ ಬರೆಯುತ್ತಿರುವುದು ಅಮ್ಮನಿಗೆ ಗೊತ್ತಿಲ್ಲ. ನಿಮ್ಮ ಕಾಗದ ಬಂದ ಮೇಲೆ ಅಮ್ಮ ಅದನ್ನು ಅಕ್ಕಿ ಡಬ್ಬದಲ್ಲಿ ಇಟ್ಟರು. ಅಜ್ಜಿಗೆ ಹೇಳಲಿಲ್ಲ. "ಬಿಡು ಚೌಡಿ, ಮುಖ ಸಣ್ಣಗೆ ಮಾಡ್ಕೊಂಡು ಕೇಳೋದು ಅವ್ರಿಂದ ಆಗಲ್ಲ, ನಾನೇ ಇನ್ನೊಂದು ವರ್ಷ ನೋಡ್ಕೊತೀನಿ" ಎಂದರು.

ಅಮ್ಮ ನಿಮಗೆ ಬರೆಯದ ಒಂದು ವಿಷಯ ಇದೆ. ಯುಗಾದಿಯ ಹಿಂದಿನ ದಿನ ಅಜ್ಜಿಯನ್ನು ಬಚ್ಚಲಿಂದ ಎತ್ತಿಕೊಂಡು ಬರುವಾಗ ಅಮ್ಮ ಜಾರಿಬಿದ್ದರು. ಅಜ್ಜಿಗೆ ಪೆಟ್ಟಾಗಬಾರದೆಂದು ತಾವೇ ಕೆಳಗಾದರು. ಇಪ್ಪತ್ತು ದಿನ ಸೊಂಟ ಸರಿಯಾಗಿ ಬಗ್ಗಲಿಲ್ಲ, ಅಜ್ಜಿಗೆ ಗೊತ್ತಾಗದ ಹಾಗೆ ನೋವು ನುಂಗಿಕೊಂಡೇ ಎತ್ತಿದರು. ಭಾರ ಎತ್ತಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಸೀರೆಯ ಮೇಲೆ ಒಂದು ಬಟ್ಟೆ ಬಿಗಿದು ಕಟ್ಟಿಕೊಂಡು ಈಗಲೂ ದಿನಕ್ಕೆ ಆರು ಸಲ ಎತ್ತುತ್ತಾರೆ. ಯುಗಾದಿಗೆ ಕಾಗದ ಬರದೇ ಇದ್ದದ್ದು ಅದಕ್ಕೇ ಮಾವ.

ನನಗೆ ತಡೆಯಲಾಗದೆ ನಿನ್ನೆ ಅಮ್ಮ ಅಂಗಡಿಗೆ ಹೋದಾಗ ಅಜ್ಜಿಗೆ ಎಲ್ಲ ಹೇಳಿದೆ. ಎಣ್ಣೆಯ ಸುಳ್ಳು, ಸಂಘ, ಒಂಬತ್ತನೇ ಕಲಂ, ಸೊಂಟ, ಎಲ್ಲ. ನಿನ್ನೆಯಿಂದ ಅಜ್ಜಿ ಯಾರನ್ನೂ ಬೈದಿಲ್ಲ. ಮಗ್ಗದಲ್ಲಿ ಎಳೆ ಹೋದರೂ ಹೇಳುತ್ತಿಲ್ಲ. ಅಪ್ಪನಿಗೆ ಭಯವಾಗಿ ಡಾಕ್ಟರನ್ನು ಕರೆಯಲಾ ಎನ್ನುತ್ತಿದ್ದಾರೆ. ನಾನು ತಪ್ಪು ಮಾಡಿದೆನಾ ಮಾವ?

ನಿಮ್ಮ,
ಚೌಡೇಶ್ವರಿ


ಹಿಂದೂಪುರ
19-8-1991

ನರಸಿಂಹಪ್ಪನಿಗೆ ಸರಸ್ವತಮ್ಮ ಬರೆಸೋದು.

ಇಪ್ಪತ್ತೊಂದು ವರ್ಷದ ಮೇಲೆ ನಿನ್ ಹತ್ರ ಮಾತಾಡ್ತಿದ್ದೀನಿ. ಅದಕ್ಕೇನೂ ಹಿಗ್ಗಬೇಡ, ಕೆಲ್ಸ ಐತೆ, ಅದಕ್ಕೆ. ಚೌಡಿ ನಾನು ಹೇಳ್ದಂಗೇ ಬರೀತಾಳೆ. ಅವರಮ್ಮ ನೀರಿಗೆ ಹೋಗವ್ಳೆ, ಬರೋಷ್ಟ್ರಲ್ಲಿ ಮುಗೀಬೇಕು. ಇದನ್ನ ತೆಲುಗು ಮಾಡಿ ಸಂಘದವ್ರಿಗೆ ಕೊಡು.

ನಾಲ್ಕು ಮಗ್ಗ ಅಂದಿದ್ದು ಸುಳ್ಳು. ಎರಡೇ. ಒಂದ್ರಾಗೆ ನನ್ ಮಗ ನೇಯ್ತಾನೆ, ಇನ್ನೊಂದ್ರ ಮೇಲೆ ನನ್ ಒದ್ದೆ ಸೀರೆ ಅವೆ. ಮುದ್ದೆ ತೊಳಸಿದ್ದು ನಾನಲ್ಲ. ನನ್ಗೆ ಲಕ್ವ ಹೊಡ್ದೈತೆ. ಬಲಗೈ ಆಡಲ್ಲ, ಬಲಗಾಲು ಆಡಲ್ಲ, ಒಬ್ಳೇ ಎದ್ದು ಕೂರೋಕೂ ಆಗಲ್ಲ. ಇದನ್ನ ದಪ್ಪಕ್ಷರದಾಗೆ ಬರಿ ಚೌಡಿ, ಒಂದೇ ಸಲ ಹೇಳೋದು ನಾನು.

ಒಂಬತ್ತನೇ ಕಲಮಿಗೆ ನಿನ್ ತಂಗಿ ಗೀಟು ಎಳೆದವ್ಳಂತೆ. ಆ ಗೀಟು ಹೊಡ್ದಾಕಿ ಇದನ್ನ ಬರ್ಕೊ. ಅವಳು ಬಿಸಿನೀರಿಗೆ ಮೊದ್ಲು ತನ್ನ ಮೊಳಕೈ ಅದ್ದಿ ನೋಡಿ ಆಮೇಲೆ ನನ್ ಮೈಗೆ ಹಾಕ್ತಾಳೆ, ಒಂದು ದಿನಾನೂ ಮರ್ತಿಲ್ಲ. ಸಾರು ನನ್ ಗದ್ದಕ್ಕೆ ಇಳಿದ್ರೆ ಎಲ್ಲೋ ನೋಡಿದಂಗೆ ಮಾಡಿ ಒರೆಸ್ತಾಳೆ, ನನ್ಗೆ ನಾಚ್ಕೆ ಆಗ್ಬಾರ್ದು ಅಂತ. ನಾನು ದಿನವೆಲ್ಲಾ ಬೈತೀನಿ, ಅವಳು ನಗ್ತಾಳೆ. ನಾನು ಬೈಯೋದು ಯಾಕೆ ಗೊತ್ತಾ, ಸುಮ್ನಿದ್ರೆ ಅಳು ಬತ್ತದೆ. ಮಧ್ಯಾಹ್ನ ನಾನು ಮಲಗಿದ್ದೀನಿ ಅಂದ್ಕೊಂಡು ಅವಳು ತನ್ ಮಗ್ಗದ ಹತ್ರ ಹೋಯ್ತಾಳೆ. ನನ್ ಸೀರೆ ಪಕ್ಕಕ್ಕೆ ಸರಿಸ್ತಾಳೆ, ಲಾಳಿ ಕೈಯಾಗೆ ಹಿಡ್ಕೊಂಡು ಒಂದು ಗಳಿಗೆ ನಿಲ್ತಾಳೆ, ಮತ್ತೆ ಸೀರೆ ಹರವಿ ಬತ್ತಾಳೆ. ನಾನು ಮಲಗಿರಲ್ಲ.

ಸೊಂಟದ ವಿಚಾರ ನನ್ಗೆ ಗೊತ್ತಿಲ್ಲ ಅಂದ್ಕೊಂಡಿದ್ರು ತಾಯಿ ಮಗಳು. ಎತ್ತುವಾಗ ಅವಳು ಉಸಿರು ಹಿಡಿಯೋದು ನನ್ ಕಿವಿ ಪಕ್ಕದಾಗೇ ಕಣಪ್ಪ. ಗೊತ್ತಿದ್ದೂ ಸುಮ್ನಿದ್ದೆ. ಇವಳೂ ಎತ್ತದಿದ್ರೆ ಯಾರು ಎತ್ತುತಾರೆ ಅನ್ನೋ ಭಯ. ಅದು ನನ್ ತಪ್ಪು.

ಅವಳ್ಗೆ ಒಂದು ಹೆಂಗ್ಸಿನ ಕೈ ಬೇಕು. ಎಂಟು ದಿನ ಬಿಡುವು ಬೇಕು. ಕುರ್ಚಿ ಇಲ್ಲ ಅಂದ್ರೆ ಬ್ಯಾಡ, ಆ ಎಂಟು ದಿನ ಕೊಡ್ಲೇಬೇಕು. ಇದು ನಾನು ಕೇಳ್ತಿರೋದು, ಬೇಡ್ತಿರೋದಲ್ಲ. ನಿನ್ ತೆಲುಗಿನಾಗೆ ಅದು ಸರ್ಯಾಗಿ ಬರ್ಬೇಕು.

ಆ ಕದಿರಣ್ಣ ಅನ್ನೋ ಹುಡ್ಗ ಯಾರ ಪೈಕಿ ಅಂತ್ಲೂ ವಿಚಾರ್ಸು.

ಗುಂಡೀಲಿ ತೇವ ಇಲ್ಲ.

ಸರಸ್ವತಮ್ಮ, ಎಡಗೈ ಹೆಬ್ಬೆಟ್ಟು


ಕಲ್ಯಾಣದುರ್ಗ
12-9-1991

ಪೂಜ್ಯ ಸರಸ್ವತಮ್ಮನವರ ಪಾದಗಳಿಗೆ ನರಸಿಂಹಪ್ಪ ಮಾಡುವ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ನನ್ನ ಕಸುಬಿನಲ್ಲಿ ಯಾರ ಮಾತನ್ನೂ ಬಂದ ಹಾಗೆ ಬರೆಯುವುದಿಲ್ಲ, ಸ್ವಲ್ಪ ತಿದ್ದಿ, ಮಹಾಶಯರೇ, ವಿನಯಪೂರ್ವಕವಾಗಿ ಎಂದೆಲ್ಲ ಸೇರಿಸುತ್ತೇನೆ. ಇದಕ್ಕೆ ಏನೂ ಸೇರಿಸಲಿಲ್ಲ. ತಾವು ಹೇಳಿದ ಹಾಗೇ ತೆಲುಗು ಮಾಡಿದೆ. ಮೊಳಕೈ ಅದ್ದುವ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ನಮ್ಮ ಅಮ್ಮ ನನ್ನ ತಂಗಿಗೆ ಸ್ನಾನ ಮಾಡಿಸುತ್ತಿದ್ದದ್ದು ಹಾಗೆಯೇ.

ಆಫೀಸಿನಲ್ಲಿ ಗಂಗುಲಮ್ಮನವರು ಅದನ್ನು ಎಲ್ಲರಿಗೂ ಓದಿದರು. ಅಧ್ಯಕ್ಷರು ಹನ್ನೆರಡನೇ ಮನೆಯ ಮುಂದೆ ತಮ್ಮ ಹೆಸರು ಬರೆದರು. ಆಮೇಲೆ ಅದನ್ನು ಹೊಡೆದುಹಾಕಿ ಬನಶಂಕರಿಯ ಹೆಸರು ಬರೆದರು, ಸಹಾಯ ಕೇಳಿರುವುದು ಅವಳಿಗಲ್ಲವೇ ಎಂದು. ಸೋಮಂದೇಪಲ್ಲಿಯ ಮುನೆಮ್ಮ ಎಂಬಾಕೆ ಬರುವ ತಿಂಗಳ ಒಂದನೇ ತಾರೀಖಿನಿಂದ ಬರುತ್ತಾಳೆ. ಕುರ್ಚಿ ಬಸ್ಸಿನ ಮೇಲೆ ಬರುತ್ತದೆ. ದಸರಾ ಆದ ಮೇಲೆ ಎಂಟು ದಿನ ಬನಶಂಕರಿಗೆ.

ಕದಿರಣ್ಣ ಕಂಬದೂರಿನ ಕಡೆಯವನು. ಮದುವೆಯಾಗಿದೆ, ಎರಡು ಮಕ್ಕಳಿವೆ. ತಮ್ಮ ಕಾಫಿ ಚೆನ್ನಾಗಿತ್ತೆಂದು ಹೇಳಲು ಹೇಳಿದ್ದಾನೆ.

ಇನ್ನೊಂದು ಮಾತು. ಆವತ್ತು ಮದುವೆ ಮನೆಯಲ್ಲಿ ನನಗೆ ವಯಸ್ಸು ಚಿಕ್ಕದು, ತಂಗಿಯನ್ನು ಬಿಟ್ಟುಹೋಗುವ ಸಂಕಟ ಬೇರೆ. ಗುಂಡಿಯಲ್ಲಿ ತೇವ ಇರಲಿಲ್ಲ. ನಾನು ಹೇಳಿದ್ದು ತಪ್ಪು. ಕ್ಷಮಿಸಬೇಕು.

ತಮ್ಮ ವಿಧೇಯ,
ನರಸಿಂಹಪ್ಪ


ಹಿಂದೂಪುರ
6-10-1991

ಪ್ರೀತಿಯ ಅಣ್ಣಯ್ಯನಿಗೆ,

ನನ್ನ ಬೆನ್ನ ಹಿಂದೆ ನೀವೆಲ್ಲ ಸೇರಿ ಏನೇನು ಬರೆದುಕೊಂಡಿರಿ ಎಂದು ನಿನ್ನ ಕಾಗದ ಬಂದ ದಿನ ಗೊತ್ತಾಯಿತು. ಚೌಡಿ ಅಜ್ಜಿಗೆ ಓದಿ ಹೇಳುತ್ತಿದ್ದಳು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಗುಂಡಿಯ ಸಾಲಿಗೆ ಬಂದಾಗ ಅತ್ತೆಯವರು, "ಇನ್ನೊಂದ್ಸಲ ಓದು" ಎಂದರು. ಮೂರು ಸಲ ಓದಿಸಿದರು. ಆಮೇಲೆ ಅವರು ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. "ಸಾರಿಗೆ ಉಪ್ಪು ಕಮ್ಮಿ" ಎಂದರು. ಊಟಕ್ಕೆ ಇನ್ನೂ ಬಡಿಸಿರಲೇ ಇಲ್ಲ.

ಕುರ್ಚಿ ಬಂತು. ಚಕ್ರ ಸೇರಿಸಲು ಅಶ್ವತ್ಥಪ್ಪನವರು, ನಿಮ್ಮ ಭಾವ ಇಬ್ಬರೂ ಒಂದು ಬೆಳಗು ಪೂರ್ತಿ ಕೂತರು. ಒಂದೂವರೆ ವರ್ಷದ ಮೇಲೆ ಅತ್ತೆಯವರು ಬೀದಿ ನೋಡಿದರು. ಮೊದಲು ಪಕ್ಕದ ಮನೆಗೇ ತಳ್ಳಿಸಿಕೊಂಡು ಹೋಗಿ, ಆ ಎರಡು ಮಗ್ಗ ನೋಡಿ, ನೇಯ್ಗೆಯಲ್ಲಿ ತಪ್ಪು ಹಿಡಿದು, "ನಾಲ್ಕು ಮಗ್ಗ ಅಂತ ನಾನು ಹೇಳಿದ್ದು ಇನ್ಮೇಲೆ ಸುಳ್ಳಲ್ಲ, ನಾಲ್ಕನ್ನೂ ನಾನೇ ನೋಡ್ಕೊತೀನಿ" ಎಂದು ಬಂದರು. ಅಶ್ವತ್ಥಪ್ಪನವರು ಆವತ್ತಿನಿಂದ ಬಾಗಿಲು ಮುಚ್ಚಿಕೊಂಡು ನೇಯುತ್ತಿದ್ದಾರೆ.

ಮುನೆಮ್ಮ ಒಳ್ಳೆಯವಳು. ಅವಳು ಬಂದ ಮೊದಲ ದಿನ ನನಗೆ ಏನು ಮಾಡಬೇಕೋ ತೋಚದೆ ಅಂಗಳದಲ್ಲಿ ನಿಂತಿದ್ದೆ. ಇಪ್ಪತ್ತೊಂದನೇ ತಾರೀಖು ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದು ವಿಷಯ ಹೇಳಲಾ? ಭಯವಾಗುತ್ತಿದೆ. ನಾನಿಲ್ಲದೆ ಅವರಿಗೆ ಆಗುವುದಿಲ್ಲ ಎಂದಲ್ಲ, ಆಗಿಬಿಟ್ಟರೆ ಎಂದು.

ಇತಿ,
ಬನಶಂಕರಿ


ಹಿಂದೂಪುರ
24-10-1991

ಬನಶಂಕರಿಗೆ ನಿಮ್ಮತ್ತೆ ಬರೆಸೋದು.

ನಿನ್ ಕಾರ್ಡು ಬಂತು. ಶನಿವಾರನೇ ಬತ್ತೀನಿ ಅಂತ ಬರೆದಿದ್ದೀಯ. ಬರಬೇಡ. ಎಂಟು ದಿನ ಅಂದ್ರೆ ಎಂಟು ದಿನ, ನಾನು ಹೆಬ್ಬೆಟ್ಟು ಒತ್ತಿ ತರಿಸಿರೋದು. ಸೋಮವಾರ ಪೂರ್ತಿ ಮಲಕ್ಕೊ. ಮಂಗಳವಾರದ ಬಸ್ಸಿಗೆ ಬಾ.

ಇಲ್ಲಿ ಏನೂ ಚೆನ್ನಾಗಿಲ್ಲ. ಮುನೆಮ್ಮ ನೀರಿಗೆ ಬೆರಳು ಅದ್ದಿ ನೋಡ್ತಾಳೆ, ಮೊಳಕೈ ಅಲ್ಲ. ಮುದ್ದೆ ಗಟ್ಟಿ. ಸೋಪು ಜಾಸ್ತಿ ಹಾಕ್ತಾಳೆ. ದಿನವೆಲ್ಲಾ ತೆಲುಗು ಹಾಡು ಹೇಳ್ತಾಳೆ, ನನ್ಗೂ ಒಂದು ಬಾಯಿಗೆ ಬಂದ್ಬುಡ್ತು. ಅವಳು ಕೈ ಹತ್ತು ಸಲ ಮಡಿಸು ಅಂತ ಪ್ರಾಣ ತೆಗೀತಾಳೆ. ನೆನ್ನೆ ಕಿರುಬೆರಳು ಅಲ್ಲಾಡ್ತು. ನೀನು ಬಂದ ಮೇಲೆ ತೋರಿಸ್ತೀನಿ, ಇವಾಗ ಯಾರ್ಗೂ ಹೇಳಬೇಡ. ಅವಳ ಹತ್ರ ಎಲ್ಲಾ ನಡೀತದೆ ಕಣಮ್ಮ. ಬೈಯೋಕೆ ಮಾತ್ರ ಮನ್ಸು ಬರಲ್ಲ, ಹೊರಗಿನವ್ಳಲ್ವಾ. ಬೈಯೋಕೆ ನೀನೇ ಆಗ್ಬೇಕು.

ನಿಮ್ಮಣ್ಣ ಪಕ್ಕದಾಗೆ ಇದ್ರೆ ಇನ್ನು ಮುಂದಿನದು ಗಟ್ಟಿಯಾಗಿ ಓದು.

ನರಸಿಂಹಪ್ಪ, ನೀನು ತೇವ ಇರಲಿಲ್ಲ ಅಂತ ಬರೆದಿದ್ದೀಯ. ಮುದುಕಿ ಮನ್ಸು ನೋಯಬಾರ್ದು ಅಂತ ಬರೆದಿದ್ದೀಯ, ನನ್ಗೆ ಗೊತ್ತಾಗಲ್ವಾ? ನೆನ್ನೆ ಕುರ್ಚೀಲಿ ಮಗ್ಗದ ಹತ್ರ ಹೋಗಿ, ರಾಮಲಿಂಗನ್ನ ಬನಶಂಕರಿ ಗುಂಡಿಗೆ ಇಳಿಸಿ ಮಣ್ಣು ಮುಟ್ಟಿಸ್ದೆ. ತೇವ ಐತೆ. ಆವತ್ತೂ ಇತ್ತು. ಅದೇ ಗುಂಡೀಲಿ ನಾನೂ ಇಪ್ಪತ್ತು ವರ್ಷ ಕಾಲಿಟ್ಟು ಕೂತಿದ್ದೆ, ನನ್ಗೆ ಗೊತ್ತಿರಲ್ವಾ? ಮದುವೆ ಮನೇಲಿ ಅಷ್ಟು ಜನದ ಮುಂದೆ ಹೆಂಗಪ್ಪ ಒಪ್ಕೊಳ್ಳೋದು? ಆಮೇಲೆ ಒಪ್ಕೊಳ್ಳೋಕೆ ದಿನಾನೇ ಬರಲಿಲ್ಲ.

ಬನಶಂಕರೀ, ಗುಂಡಿ ಅಗೆಸಿ ಮೂರು ಬುಟ್ಟಿ ಮರಳು ಹಾಕ್ಸಿದ್ದೀನಿ, ಮೇಲೆ ಹಲಗೆ ಹಾಸಿಸಿದ್ದೀನಿ. ನನ್ ಸೀರೆ ಒಣಗಾಕೋಕೆ ಹಿತ್ತಲಾಗೆ ಹಗ್ಗ ಕಟ್ಸಿದ್ದೀನಿ. ದಿನಕ್ಕೆ ಒಂದು ಗಂಟೆ ಕೂತ್ರೆ ಸೊಂಟಕ್ಕೆ ಏನೂ ಆಗಲ್ಲ ಅಂತ ಡಾಕ್ಟರು ಹೇಳವ್ರೆ, ಮುನೆಮ್ಮನ್ನ ಕಳ್ಸಿ ಕೇಳಿಸ್ದೆ. ಕಾಲು ಬೆಚ್ಚಗಿರ್ತವೆ. ಮಂಗಳವಾರ ಬಾ, ಬಂದು ಕೂತ್ಕೊ.

ಸರಸ್ವತಮ್ಮ, ಎಡಗೈ ಹೆಬ್ಬೆಟ್ಟು